ಹೊಗಳಿದರೆ ತಲೆಗೇರುತ್ತದಾ?

ತಂಡದ ಹೊಸ ಹುಡುಗನನ್ನು ಹೊಗಳಿದರೆ ತಲೆಗೇರುತ್ತದಾ ಎಂದು ಕೇಳಿದ್ದೀರಿ. ಏನನ್ನು ಹೊಗಳುತ್ತೀರಿ ಅನ್ನೋದು ಮುಖ್ಯ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್, ಹೊಗಳಿಕೆ ಮಕ್ಕಳನ್ನು ಹೇಗೆ ಬದಲಿಸುತ್ತದೆ ಎಂಬುದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ‘ನೀನು ಜಾಣ’ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ ಲೆಕ್ಕಗಳನ್ನೇ ಆರಿಸಿಕೊಂಡರು. ‘ಚೆನ್ನಾಗಿ ಶ್ರಮಪಟ್ಟೆ’ ಅನ್ನಿಸಿಕೊಂಡವರಲ್ಲಿ ಜಾಸ್ತಿ ಜನ ಹೊಸದು ಕಲಿಸುವ ಕಷ್ಟದ್ದಕ್ಕೆ ಕೈಹಾಕಿದರು.

ಹಾಗಾಗಿ ಸುಮ್ನೆ ‘ಸೂಪರ್’ ಅನ್ನಬೇಡಿ. ‘ವರದಿಯ ಆ ತಪ್ಪನ್ನು ನೀನೇ ಹುಡುಕಿ ಸರಿಮಾಡಿದ್ದರಿಂದ ಅರ್ಧ ದಿನ ಉಳಿಯಿತು’ ಅನ್ನಿ. ನನ್ನ ಮೊದಲ ಕೆಲಸದಲ್ಲಿ ಕೇಳಿದ ಇಂಥದೊಂದು ಮಾತು ಇನ್ನೂ ನೆನಪಿದೆ. ಸಂಬಳ ಎಷ್ಟಿತ್ತೋ, ಮರೆತೇಹೋಗಿದೆ!

ಮನೆಯಲ್ಲಂತೂ ಹೊಗಳೋದರಲ್ಲಿ ನಾವು ಇನ್ನೂ ಜಿಪುಣರು, ಅಲ್ವಾ? ದಿನಾ ನಡೆಯುವ ಕೆಲಸ ಕಣ್ಣಿಗೇ ಬೀಳೋದಿಲ್ಲ. ನನಗೂ ಹೆಂಡತಿ ಬಾಯಿಬಿಟ್ಟು ಹೇಳಿದ ಮೇಲೆಯೇ ಗೊತ್ತಾಗಿದ್ದು.