ಬಾಡಿಗೆ 68,000 ಅಂತಾರೆ, ಕೈಗೆ ಬರೋದೆಷ್ಟು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ 30x40 ಸೈಟಿನ ಒಂದು ಕಟ್ಟಡ ಮಾರಾಟಕ್ಕಿದೆ. ಕೆಳಗೆ ಎರಡು ಅಂಗಡಿ, ಮೇಲೆ ಎರಡು ಮಹಡಿಯಲ್ಲಿ ನಾಲ್ಕು ಮನೆ. ಬೆಲೆ 1.70 ಕೋಟಿ. ಅಂಗಡಿಗೆ 14,000, ಮನೆಗೆ 10,000ದಂತೆ ತಿಂಗಳಿಗೆ 68,000 ಬರುತ್ತೆ ಅಂತಾರೆ. ಸದ್ಯ ಒಂದು ಅಂಗಡಿ ಖಾಲಿ, ಒಂದು ಮನೆ 6 ಲಕ್ಷಕ್ಕೆ ಭೋಗ್ಯಕ್ಕಿದೆ. ಜಮೀನು ಮಾರಿದ 1.20 ಕೋಟಿ ಕೈಯಲ್ಲಿದೆ. ಉಳಿದಿದ್ದಕ್ಕೆ ಮಗನ ಹೆಸರು ಸೇರಿಸಿ ಸಾಲ ಮಾಡಬಹುದಾ?
– ಓದುಗರು, ಮೈಸೂರು

ಉತ್ತರ: ಮೇಡಂ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ಇಂಥ ಫೈಲು ಬೇಕಾದಷ್ಟು ನೋಡಿದ್ದೇನೆ. ಮೊದಲ ಹಾಳೆಯಲ್ಲಿ ಬಾಡಿಗೆ ಯಾವಾಗಲೂ ಭರ್ತಿಯಾಗಿಯೇ ಇರುತ್ತೆ!

ಖಾಲಿ ಅಂಗಡಿ ಬಾಡಿಗೆ ಕೊಡಲ್ಲ. ಭೋಗ್ಯದ ಮನೆಯೂ ಕೊಡಲ್ಲ. ಹಾಗಾಗಿ ಇವತ್ತು ಬರುವುದು 44,000, ವರ್ಷಕ್ಕೆ 5.28 ಲಕ್ಷ. ಕಂದಾಯ, ಮೋಟಾರ್ ರಿಪೇರಿ, ಸುಣ್ಣಬಣ್ಣ, ಮಧ್ಯೆ ಮನೆ ಖಾಲಿ ಬೀಳುವುದು, ಎಲ್ಲಕ್ಕೂ 80,000 ತೆಗೆದಿಡಿ. ಉಳಿಯುವುದು ನಾಲ್ಕೂವರೆ ಲಕ್ಷ.

ಇನ್ನು ಖರ್ಚು. ಮುದ್ರಾಂಕ ಶುಲ್ಕ ಸೆಸ್ ಸೇರಿ 5.6%, ನೋಂದಣಿ ಶುಲ್ಕ 2% (2025ರ ಆಗಸ್ಟ್ ಕೊನೆಯವರೆಗೂ 1% ಇತ್ತು). ಅದೇ ಸುಮಾರು 13 ಲಕ್ಷ. ಅಲ್ಲಿಗೆ ಕಟ್ಟಡ ನಿಮಗೆ ಬೀಳುವುದು 1.83 ಕೋಟಿಗೆ. ನೂರಕ್ಕೆ ಎರಡೂವರೆ ರೂಪಾಯಿ ಆದಾಯ. ಎಲ್ಲಾ ತುಂಬಿದರೂ ನಾಲ್ಕು. 63 ಲಕ್ಷ ಸಾಲಕ್ಕೆ 9% ಬಡ್ಡಿ, 15 ವರ್ಷ ಅಂದರೆ ಕಂತು ಸುಮಾರು 64,000. ತಿಂಗಳಿಗೆ 20,000 ನಿಮ್ಮ ಪಿಂಚಣಿಯಿಂದಲೇ ಹೋಗಬೇಕು. ಸಾಲ ಬೇಡವೇ ಬೇಡ.

ಹೆಚ್ಚಿನವರು ಮರೆಯುವುದು ಅಡ್ವಾನ್ಸ್. ಭೋಗ್ಯದ 6 ಲಕ್ಷ, ಬೇರೆಯವರು ಕೊಟ್ಟ ಅಡ್ವಾನ್ಸ್, ಎಲ್ಲಾ ಹಳೇ ಓನರ್ ಜೇಬಿನಲ್ಲಿದೆ. ಮನೆ ಬಿಡುವಾಗ ಬಾಡಿಗೆದಾರರು ವಾಪಸ್ ಕೇಳುವುದು ನಿಮ್ಮನ್ನ. ಆ ಮೊತ್ತ ಬೆಲೆಯಲ್ಲಿ ಕಳೆಯಲೇಬೇಕು, ಮತ್ತು ಯಾರದ್ದು ಎಷ್ಟು ಅಂತ ಕ್ರಯದ ಕರಾರಿನಲ್ಲಿ ಬರೆಸಬೇಕು. "ಅದೆಲ್ಲಾ ನಾವು ಸೆಟ್ಲ್ ಮಾಡ್ಕೋತೀವಿ ಬಿಡಿ" ಅನ್ನುವ ಮಾತಿಗೆ ತಲೆಯಾಡಿಸಬೇಡಿ.

ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಮುಂದೆ ಒಮ್ಮೆ ನಿಂತು ಎಣಿಸಿ. ನಾಲ್ಕು ಮನೆ, ಎರಡು ಅಂಗಡಿ, ಪಂಪಿಗೊಂದು: ಏಳು ಮೀಟರ್ ಇರಬೇಕು. ಕಡಿಮೆ ಇದ್ದರೆ ಯಾರೋ ಯಾರದ್ದೋ ಕರೆಂಟಿನಲ್ಲಿದ್ದಾರೆ. ಪ್ರತ್ಯೇಕ ಮೀಟರ್ ಇಲ್ಲದ ಮನೆಗೆ ಗೃಹಜ್ಯೋತಿಯೂ ದಕ್ಕಲ್ಲ, ಬಾಡಿಗೆದಾರರು ಮೊದಲು ಕೇಳುವುದೇ ಅದನ್ನ. ಅಂಗಡಿಯ ಬಿಲ್ಲಿನಲ್ಲಿ ಆರ್.ಆರ್. ನಂಬರ್ ಜೊತೆ ದರ ಯಾವುದು ನೋಡಿ. ವಾಣಿಜ್ಯ ದರ ಎಲ್‌ಟಿ-3 ಇರಬೇಕು. ಮನೆ ದರದಲ್ಲಿ ಅಂಗಡಿ ಓಡುತ್ತಿದ್ದರೆ ಹಿಂಬಾಕಿ, ದಂಡ ನಿಮ್ಮ ತಲೆಗೇ ಬರಬಹುದು. ಆಮೇಲೆ ಮಂಜೂರಾದ ನಕ್ಷೆ ಕೇಳಿ. ನೆಲಮಹಡಿಯಲ್ಲಿ 'ಪಾರ್ಕಿಂಗ್' ಅಂತಿದ್ದರೆ ಆ ಅಂಗಡಿಗಳ ಬಾಡಿಗೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಎರಡನೇ ಮಹಡಿಯವರನ್ನ ಓನರ್ ಇಲ್ಲದಾಗ ಮಾತಾಡಿಸಿ. ಬೇಸಿಗೆಯಲ್ಲಿ ನೀರು ಹೇಗೆ, ಮಳೆಗೆ ಸೂರು ಸೋರುತ್ತಾ, ಖಾಲಿ ಅಂಗಡಿಯವರು ಯಾಕೆ ಬಿಟ್ಟರು, ಎಲ್ಲಾ ಕಾಫಿ ಕುಡಿಯುವಷ್ಟರಲ್ಲಿ ಗೊತ್ತಾಗುತ್ತೆ. ಇ-ಖಾತಾ, 30 ವರ್ಷದ ಇ.ಸಿ. (ಋಣಭಾರ ಪತ್ರ) ವಕೀಲರಿಗೆ ಬಿಡಿ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮುಂಗಡ ತೆರಿಗೆ ಕಡಿತ) ಹಿಡಿದು ಸರ್ಕಾರಕ್ಕೆ ಕಟ್ಟುವುದು ಮಾತ್ರ ನಿಮ್ಮ ಜವಾಬ್ದಾರಿ. ತೆರಿಗೆಯಲ್ಲಿ ಒಂದು ಸಮಾಧಾನವಿದೆ: ಕಂದಾಯ ಕಳೆದ ಬಾಡಿಗೆಯಲ್ಲಿ 30% ವಿನಾಯಿತಿ ಸಿಗುತ್ತೆ, ರಸೀದಿ ತೋರಿಸಬೇಕಿಲ್ಲ.

ನನ್ನ ಕೇಳಿದರೆ ಈ ಬೆಲೆಯಲ್ಲಿ ನೀವು ಕೊಳ್ಳುತ್ತಿರುವುದು ಸೈಟು, ಬಾಡಿಗೆಯಲ್ಲ. ಮೊಮ್ಮಕ್ಕಳಿಗೆ ಆಸ್ತಿ ಇರಲಿ ಅಂತಾದರೆ ಸರಿ. ತಿಂಗಳ ಖರ್ಚಿಗೆ ಅಂತಾದರೆ ಸಾಲವಿಲ್ಲದೆ 1.20 ಕೋಟಿಯೊಳಗೆ ಚಿಕ್ಕ ಕಟ್ಟಡ ಹುಡುಕಿ. ಇದೇ ಬೇಕು ಅನಿಸಿದರೆ ಟೋಕನ್ ಕೊಡುವ ಮುಂಚೆ ಐದೂ ಬಾಡಿಗೆದಾರರ ಕರಾರು ಪತ್ರ, ಒಂದು ವರ್ಷ ಬಾಡಿಗೆ ಜಮಾ ಆದ ಪಾಸ್‌ಬುಕ್ ಕೇಳಿ ನೋಡಿ.