ಐದು ತಿಂಗಳ ಲ್ಯಾಬ್ರಡಾರ್ ಮರಿಯನ್ನು ಬೇಟೆಗೆ ಪಳಗಿಸುವುದು ಹೇಗೆ?

ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಐದು ತಿಂಗಳ ಲ್ಯಾಬ್ರಡಾರ್ ಮರಿ ಸಾಕಿದ್ದೀರಿ. ಎಸೆದ ಚೆಂಡನ್ನು ಅದು ಓಡಿಹೋಗಿ ಕಚ್ಚಿಕೊಳ್ಳುತ್ತದೆ, ಆದರೆ ಕೈಗೆ ಕೊಡದೆ ತಪ್ಪಿಸಿಕೊಂಡು ಓಡುತ್ತದೆ, ಪಟಾಕಿ ಸದ್ದಾದರೆ ಮಂಚದಡಿ ಸೇರುತ್ತದೆ ಎಂದು ಬರೆದು, ಇದನ್ನು ಮೊಲ ಮತ್ತು ಕೌಜುಗಗಳ ಬೇಟೆಗೆ ತಯಾರು ಮಾಡುವ ಬಗೆ ಕೇಳಿದ್ದೀರಿ. ನಾನು ದಾವಣಗೆರೆಯವನು, ಈ ತಳಿಯ ನಾಯಿಗಳನ್ನು ಬಹಳ ಕಾಲದಿಂದ ಸಾಕಿ, ಎಸೆದದ್ದನ್ನು ಹುಡುಕಿ ತರುವ ಕೆಲಸಕ್ಕೆ ಪಳಗಿಸುತ್ತ ಬಂದಿದ್ದೇನೆ. ಬೇಟೆಗೆ ಕರೆದೊಯ್ಯಬೇಡಿ ಎಂಬುದು ನನ್ನ ಮೊದಲ ಮಾತು. ಆದರೆ ಬೇಟೆಯಿಲ್ಲದೆಯೂ ನಿಮ್ಮ ಮರಿ ತನ್ನ ತಳಿಗೆ ತಕ್ಕ ವಿದ್ಯೆಯನ್ನು ಪೂರ್ತಿಯಾಗಿ ಕಲಿಯಬಲ್ಲದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಅನುಸೂಚಿಯಲ್ಲಿ, ಅಂದರೆ ಕಾಯ್ದೆಯ ಕೊನೆಯ ಪಟ್ಟಿಗಳಲ್ಲಿ ಇರುವ ಪ್ರಾಣಿಪಕ್ಷಿಗಳ ಬೇಟೆಯನ್ನು ನಿಷೇಧಿಸಿದೆ. ಮೊಲ ಮತ್ತು ಕೌಜುಗ ಎರಡಕ್ಕೂ ಆ ರಕ್ಷಣೆ ಇದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆ ಅಥವಾ ಉರುಳು ಒಡ್ಡುವುದು, ಅಟ್ಟಿಸುವುದು, ಇವುಗಳಿಗೆ ಪ್ರಯತ್ನ ಪಡುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಜಮೀನು ನಮ್ಮದು, ಬಂದೂಕಲ್ಲ ಬರೀ ಏರ್‌ಗನ್ನು ಎಂಬ ಸಮಾಧಾನಗಳು ನಿಲ್ಲುವುದಿಲ್ಲ. 2022ರ ತಿದ್ದುಪಡಿಯ ನಂತರ ದಂಡದ ಮಿತಿ 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿದೆ, 3 ವರ್ಷದವರೆಗೆ ಸೆರೆವಾಸವೂ ಇದೆ. ನವಿಲು, ಕೃಷ್ಣಮೃಗಗಳಂಥ ಮೊದಲ ಅನುಸೂಚಿಯ ಜೀವಿಗಳಾದರೆ ಶಿಕ್ಷೆ ಇನ್ನೂ ಹೆಚ್ಚು. ಕಾಡುಹಂದಿ ಬೆಳೆಗೆ ನುಗ್ಗುತ್ತದೆ ಎಂಬ ಕಷ್ಟ ನಿಮಗೂ ಇರಬಹುದು. ಅದಕ್ಕೆ ಅರಣ್ಯ ಇಲಾಖೆಯ ಮೂಲಕವೇ ಹೋಗಬೇಕು, ಮತ್ತು ಲ್ಯಾಬ್ರಡಾರನ್ನು ಹಂದಿಯ ಮೇಲೆ ಬಿಟ್ಟರೆ ಕೋರೆಯಿಂದ ಹೊಟ್ಟೆ ಸೀಳಿಸಿಕೊಳ್ಳುವುದು ನಾಯಿಯೇ.

ನಮ್ಮ ಸೀಮೆಯಲ್ಲಿ ಬೇಟೆನಾಯಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮುಧೋಳ. ಅದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ಬೆನ್ನಟ್ಟಿ, ತಾನೇ ಹಿಡಿಯುವ ನಾಯಿ. ಲ್ಯಾಬ್ರಡಾರಿನ ಕಸುಬು ಬೇರೆಯೇ. ಇದರ ಪೂರ್ವಿಕರು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ಜೊತೆಗಿದ್ದು, ತಣ್ಣೀರಿಗಿಳಿದು ಮೀನು, ಬಲೆಯ ಹಗ್ಗ ತಂದುಕೊಡುತ್ತಿದ್ದ ನಾಯಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಜಮೀನುದಾರರು ಅವುಗಳನ್ನು ತರಿಸಿಕೊಂಡು ಬೆಳೆಸಿದರು, 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟಿತು. ಅಲ್ಲಿ ಈ ನಾಯಿ ಬಂದೂಕು ಹಿಡಿದವನ ಪಕ್ಕದಲ್ಲಿ ಅಲುಗಾಡದೆ ಕೂತಿದ್ದು, ಹಕ್ಕಿ ಬಿದ್ದ ಜಾಗವನ್ನು ನೋಡಿಟ್ಟುಕೊಂಡು, ಹೋಗು ಎಂದ ಮೇಲೆ ಮಾತ್ರ ಹೋಗಿ, ಹಲ್ಲು ನಾಟದಂತೆ ಎತ್ತಿ ತಂದು ಕೈಗೆ ಕೊಡಬೇಕು. ಅಂದರೆ ಇದು ಅಟ್ಟುವ ನಾಯಿಯಲ್ಲ, ಅಪ್ಪಣೆಗೆ ಕಾದು ಕೂರುವ ನಾಯಿ. ಕಾಯುವುದು, ನೋಡಿಟ್ಟುಕೊಳ್ಳುವುದು, ಹುಡುಕುವುದು, ತಂದು ಒಪ್ಪಿಸುವುದು ಎಲ್ಲವನ್ನೂ ಬಟ್ಟೆಯ ಡಮ್ಮಿಯಿಂದಲೇ, ಅಂದರೆ ಹಕ್ಕಿಯ ಬದಲಿಗೆ ಎಸೆಯುವ ಬಟ್ಟೆಯ ಉರುಳೆಯಿಂದಲೇ ಕಲಿಸಬಹುದು. ಬ್ರಿಟನ್ನಿನಲ್ಲಿಯೇ ಜೀವಂತ ಬೇಟೆಯಿಲ್ಲದೆ, ಬರೀ ಡಮ್ಮಿಗಳನ್ನಿಟ್ಟು ವರ್ಕಿಂಗ್ ಟೆಸ್ಟ್ ಎಂಬ ಸ್ಪರ್ಧೆಗಳು ನಡೆಯುತ್ತವೆ.

ಈಗ ನಿಮ್ಮ ಮರಿಯ ವಿಷಯ. ತಂದುಕೊಡುತ್ತಿಲ್ಲ ಎಂದು ಬೈಯುವ ಮೊದಲು ಅದರ ತುಟಿ ಎತ್ತಿ ಬಾಯಿ ನೋಡಿ. ನಾಲ್ಕರಿಂದ ಏಳು ತಿಂಗಳ ನಡುವೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತವೆ. ಒಸಡು ಊದಿ ಕೆಂಪಾಗಿದ್ದರೆ, ಹೊಸ ಕೋರೆಹಲ್ಲಿನ ಪಕ್ಕದಲ್ಲಿ ಹಳೆಯದು ಅಲುಗಾಡುತ್ತಿದ್ದರೆ, ಕಚ್ಚಿ ಬಿಟ್ಟ ಬಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡರೆ, ಕೆಲವು ವಾರ ಎಸೆಯುವುದನ್ನೇ ನಿಲ್ಲಿಸಿ. ನೋವಿರುವ ಬಾಯಿಗೆ ಎತ್ತುವ ಕೆಲಸ ಕೊಟ್ಟರೆ, ಎತ್ತುವುದೆಂದರೆ ನೋವು ಎಂದೇ ಅದು ಕಲಿಯುತ್ತದೆ. ಆ ವಾರಗಳಲ್ಲಿ ಕೂರುವುದನ್ನೂ ಕರೆದರೆ ಬರುವುದನ್ನೂ ಗಟ್ಟಿ ಮಾಡಿಕೊಳ್ಳಿ. ಊಟದ ತಟ್ಟೆ ಇಡುವಾಗ ಸೀಟಿಯನ್ನು ಚಿಕ್ಕದಾಗಿ ನಾಲ್ಕೈದು ಸಲ ಊದಿ. ಆ ಸದ್ದಿಗೆ ಓಡಿ ಬರುವುದು ಬಲುಬೇಗ ರೂಢಿಯಾಗುತ್ತದೆ. ಉದ್ದನೆಯ ಒಂದೇ ಸೀಟಿಗೆ ಕೂತು ನಿಮ್ಮ ಮುಖ ನೋಡಬೇಕು. ಆಜ್ಞೆಯ ಮಾತುಗಳು ಕೂರು, ಬಾ, ತಾ, ಬಿಡು ಎಂದು ಕನ್ನಡದಲ್ಲಿಯೇ ಇರಲಿ, ಮನೆಯವರೆಲ್ಲ ಅದೇ ಮಾತನ್ನು ಬಳಸಲಿ.

ಮರಿ ತಪ್ಪಿಸಿಕೊಂಡು ಓಡುವುದಕ್ಕೆ ಇನ್ನೊಂದು ಕಾರಣ ನಮ್ಮ ನಡವಳಿಕೆ. ಅದು ಹತ್ತಿರ ಬಂದ ಕೂಡಲೇ ನಾವು ಬಾಯಿಂದ ಕಸಿದುಕೊಳ್ಳುತ್ತೇವೆ, ಇಲ್ಲವೇ ಅದರ ಹಿಂದೆ ಓಡುತ್ತೇವೆ. ಕಸಿಯುವವನ ಹತ್ತಿರ ಯಾವ ಮರಿಯೂ ಬರುವುದಿಲ್ಲ, ಓಡಿಸುವವನು ಸಿಕ್ಕರೆ ಆಟವೇ ಶುರುವಾಗುತ್ತದೆ. ನಿಮಗೆ ಅಡಿಕೆ ತೋಟವಿರುವುದು ದೊಡ್ಡ ಅನುಕೂಲ. ಎರಡು ಸಾಲುಗಳ ನಡುವಿನ ದಾರಿಯಲ್ಲಿ ನಿಂತು ಡಮ್ಮಿಯನ್ನು ನೇರವಾಗಿ ಹತ್ತು ಹೆಜ್ಜೆಯಾಚೆ ಎಸೆಯಿರಿ. ಗಂಟಿಲ್ಲದ ಹಗುರವಾದ ಉದ್ದ ಹಗ್ಗವೊಂದು ಕೊರಳಪಟ್ಟಿಯಿಂದ ನೆಲಕ್ಕೆ ಇಳಿಬಿದ್ದಿರಲಿ. ಅದು ಎಳೆಯುವುದಕ್ಕಲ್ಲ, ಅಡ್ಡದಾರಿ ಹಿಡಿದರೆ ತಡೆಯುವುದಕ್ಕೆ. ಮರಿ ಎತ್ತಿಕೊಂಡ ಕ್ಷಣವೇ ನೀವು ಬೆನ್ನು ತಿರುಗಿಸಿ, ಹೆಸರು ಕರೆಯುತ್ತ ಎದುರು ದಿಕ್ಕಿಗೆ ನಡೆಯಿರಿ. ಅದು ಹಿಂದೆಯೇ ಬರುತ್ತದೆ. ಬಂದಾಗ ಕುಕ್ಕರಗಾಲಲ್ಲಿ ಕೂತು, ಡಮ್ಮಿಯನ್ನು ಮುಟ್ಟದೆ ಎದೆಯನ್ನೂ ಕಿವಿಯ ಹಿಂಭಾಗವನ್ನೂ ಸವರುತ್ತಿರಿ. ಬಾಯಲ್ಲಿ ಹಿಡಿದುಕೊಂಡೇ ನಿಮ್ಮ ಮೈಗೆ ಒರಗಿ ನಿಲ್ಲುವುದು ಅದಕ್ಕೆ ಹಿತವೆನಿಸಬೇಕು. ಆಮೇಲೆ ಅಂಗೈಯನ್ನು ದವಡೆಯ ಕೆಳಗೆ ತಂದು ಬಿಡು ಎನ್ನಿ. ಕೈಗೆ ಬಿದ್ದದ್ದನ್ನು ಮಾತ್ರ ತೆಗೆದುಕೊಳ್ಳಿ. ಹಗ್ಗಜಗ್ಗಾಟದ ಆಟವನ್ನು ಮನೆಯ ಮಕ್ಕಳೂ ಆಡದಿರಲಿ, ಏಕೆಂದರೆ ಅದರಿಂದ ಬಾಯಿ ಗಡುಸಾಗುತ್ತದೆ, ಅಂದರೆ ಎತ್ತಿದ್ದನ್ನು ಬಿಗಿಯಾಗಿ ಕಚ್ಚುವ ಚಟ ಹತ್ತುತ್ತದೆ.

ಚೆಂಡು ಬೇಡ. ಅದು ಉರುಳಿದಷ್ಟೂ ಅಟ್ಟುವ ಚಟ ಬೆಳೆಯುತ್ತದೆ, ಚಿಕ್ಕದಾದರೆ ಗಂಟಲಿಗೂ ಸಿಕ್ಕಿಕೊಳ್ಳುತ್ತದೆ. ಹಳೆಯ ಕ್ಯಾನ್ವಾಸ್ ಬಟ್ಟೆಗೆ ಚಿಂದಿ ತುಂಬಿ, ಮೊಳಕೈ ಉದ್ದದ ಉರುಳೆಯಾಗಿ ಹೊಲಿಸಿ, ತೂಕ ಕಾಲು ಕಿಲೋ ದಾಟದಿರಲಿ. ದೊಡ್ಡ ನಾಯಿಗೆ ಅರ್ಧ ಕಿಲೋ ಸಾಕು. ಅಭ್ಯಾಸ ಮುಗಿದೊಡನೆ ಅದನ್ನು ಎತ್ತಿಡಿ, ಆಟಿಕೆಯಾಗಲು ಬಿಡಬೇಡಿ. ಒಂದು ಹೊತ್ತಿಗೆ ಮೂರು ನಾಲ್ಕು ಸಲ ಎಸೆದು, ಮರಿಗೆ ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ.

ತಂದುಕೊಡುವುದು ಕೂಡಿಬಂದ ಮೇಲೆ ಕಾಯಿಸುವುದನ್ನು ಶುರುಮಾಡಿ. ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ಜೀವ ಇರುವುದು ಇಲ್ಲಿ. ಮರಿಯನ್ನು ಎಡಗಡೆ ಕೂರಿಸಿ, ಎದೆಗೆ ಅಂಗೈ ಅಡ್ಡ ಹಿಡಿದು ಡಮ್ಮಿ ಎಸೆಯಿರಿ. ಅದರ ಮೈ ಬಿಗಿಯುವುದು, ಹಿಂಗಾಲು ನೆಲವನ್ನು ಒತ್ತುವುದು ಕೈಗೇ ಗೊತ್ತಾಗುತ್ತದೆ. ಆ ಬಿಗಿ ಸಡಿಲವಾಗಿ, ಒಮ್ಮೆ ನಿಮ್ಮತ್ತ ನೋಡಿದ ಮೇಲೆ ತಾ ಎಂದು ಬಿಡಿ. ಮೊದಮೊದಲು ಎರಡು ಉಸಿರಿನಷ್ಟು, ಬರಬರುತ್ತ ಒಂದು ನಿಮಿಷ. ಎಸೆದದ್ದರಲ್ಲಿ ಅರ್ಧವನ್ನು ನೀವೇ ನಡೆದುಹೋಗಿ ಎತ್ತಿಕೊಂಡು ಬನ್ನಿ, ಮರಿ ಕೂತು ನೋಡುತ್ತಿರಲಿ. ಬಿದ್ದದ್ದೆಲ್ಲ ತನ್ನದಲ್ಲ ಎಂಬುದನ್ನು ಅರಿತ ನಾಯಿ ಮುಂದೆ ಪಕ್ಕದ ಹೊಲದ ಕೋಳಿಗೂ ಕುರಿಮರಿಗೂ ನುಗ್ಗುವುದಿಲ್ಲ. ಹಳ್ಳಿಯಲ್ಲಿ ನಾಯಿ ಸಾಕುವವರಿಗೆ ಇದಕ್ಕಿಂತ ದೊಡ್ಡ ಪ್ರಯೋಜನ ಕಾಣೆ. ಕಾಣದಂತೆ ಇಟ್ಟ ಡಮ್ಮಿಯನ್ನು ಕೈಸನ್ನೆಯ ಮೇಲೆ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಹೋಗಿ ಹುಡುಕುವ ಪಾಠ ಒಂದು ವರ್ಷ ತುಂಬಿದ ಮೇಲೆ. ಹುಡುಕುವ ಅಭ್ಯಾಸಕ್ಕೆ ಗಾಳಿಯ ದಿಕ್ಕು ಮುಖ್ಯ: ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಮುಖಕ್ಕೆ ಬೀಸುವಂತೆ ನಿಂತುಕೊಳ್ಳಬೇಕು. ಚಿತ್ರದುರ್ಗದ ಸುತ್ತ ಗುಡ್ಡಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವ ಸೀಮೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಆದರೆ ಜೋಗಿಮಟ್ಟಿಯಾಗಲಿ, ಕೊಂಡುಕುರಿಗಳಿರುವ ಜಗಳೂರಿನ ರಂಗಯ್ಯನದುರ್ಗವಾಗಲಿ, ಅಭಯಾರಣ್ಯದ ಅಂಚಿನಲ್ಲಿ ನಾಯಿಯನ್ನು ಬಿಚ್ಚಬೇಡಿ.

ಪಟಾಕಿಯ ಭಯಕ್ಕೆ ಅವಸರದ ಮದ್ದಿಲ್ಲ. ರೂಢಿಯಾಗಲೆಂದು ಜಾತ್ರೆಗೋ ಗಣಪತಿ ಬಿಡುವ ಮೆರವಣಿಗೆಗೋ ಕರೆದೊಯ್ದರೆ ಭಯ ಜೀವನಪರ್ಯಂತ ಉಳಿಯುತ್ತದೆ. ಮರಿ ಊಟ ಮಾಡುವಾಗ ಯಾರಾದರೂ ಬಹಳ ದೂರದಲ್ಲಿ ಎರಡು ಹಲಗೆಗಳನ್ನು ಒಂದು ಸಲ ತಟ್ಟಲಿ. ಅದು ತಲೆಯೆತ್ತಿ ನೋಡಿ ಮತ್ತೆ ಉಂಡರೆ ಆ ದೂರ ಸರಿಯಾಗಿದೆ. ಉಣ್ಣುವುದನ್ನು ಬಿಟ್ಟರೆ ಇನ್ನೂ ಹಿಂದೆ ಸರಿಯಬೇಕು. ಹತ್ತಿರ ಬರುವುದು ವಾರಗಳ ಲೆಕ್ಕದಲ್ಲಿ.

ನೀರಿಗೆ ಎತ್ತಿ ಎಸೆಯಬೇಡಿ. ಕೆರೆಯಂಗಳದಲ್ಲಿ ಇಳಿಜಾರು ಸಣ್ಣದಾಗಿರುವ, ಹೂಳೂ ಮೀನಿನ ಬಲೆಯೂ ಇಲ್ಲದ ಜಾಗ ಹುಡುಕಿ, ನೀವು ಮೊಣಕಾಲುದ್ದ ಇಳಿದು ನಿಂತರೆ ಮರಿ ತಾನಾಗಿ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದ ಹತ್ತಿರ ಮಾತ್ರ ಎಂದಿಗೂ ಬಿಡಬೇಡಿ. ಹಾಳೆಯ ಮೇಲೆ ಉಗುರು ನಿಲ್ಲದೆ, ಚೆನ್ನಾಗಿ ಈಜುವ ನಾಯಿಯೂ ದಡ ಹತ್ತಲಾರದೆ ದಣಿದು ಮುಳುಗುತ್ತದೆ. ಭದ್ರಾ ನಾಲೆಯ ಕಾಂಕ್ರೀಟ್ ಬದಿಯೂ ಅಷ್ಟೇ ಅಪಾಯ.

ಲ್ಯಾಬ್ರಡಾರಿಗೆ ಎರಡು ಪದರದ ರೋಮವಿದೆ, ನಮ್ಮ ಏಪ್ರಿಲ್ ಬಿಸಿಲು ಅದಕ್ಕೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ಅಭ್ಯಾಸ ಮುಗಿಯಬೇಕು. ನಾಲಿಗೆ ಅಗಲವಾಗಿ ಜೋತು, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ನೆರಳಿಗೆ ತಂದು ಮೈಯೆಲ್ಲ ನೀರು ಸುರಿದು, ಗಾಳಿ ಹಾಕುತ್ತ ಪಶುವೈದ್ಯರಲ್ಲಿಗೆ ಹೊರಡಿ. ಒಂದು ವರ್ಷ ದಾಟಿ ಮೂಳೆ ಬಲಿಯುವವರೆಗೆ ಬೇಲಿ ಹಾರಿಸುವುದು, ಬೈಕಿನ ಹಿಂದೆ ಓಡಿಸುವುದು ಬೇಡ. ಹೊರಗೆ ಕರೆದೊಯ್ಯುವ ಮೊದಲು ಲಸಿಕೆಗಳೆಲ್ಲ ಆಗಿರಲಿ. ಗದ್ದೆಯ ನೀರಿನಲ್ಲಿ ಇಲಿಜ್ವರದ ಸೋಂಕಿರುವುದರಿಂದ ಅದರ ಲಸಿಕೆಯನ್ನೂ ಕೇಳಿ ಹಾಕಿಸಿ. ಮನೆಗೆ ಬಂದ ಮೇಲೆ ಬೆರಳ ಸಂದಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಕಿವಿಯೊಳಗೆ ಹುಲ್ಲಿನ ಮೊನೆ, ಕಂಕುಳಲ್ಲಿ ಉಣುಗು ಇವೆಯೇ ಎಂದು ಬೆರಳಾಡಿಸಿ ನೋಡಿ. ಉಣುಗು ಕಚ್ಚಿದ ಮರಿ ಜ್ವರ ಬಂದು ಊಟ ಬಿಟ್ಟರೆ ಅಥವಾ ಒಸಡು ಬಿಳಿಚಿಕೊಂಡರೆ, ಮರುದಿನಕ್ಕೆ ಕಾಯದೆ ಅಂದೇ ರಕ್ತಪರೀಕ್ಷೆ ಮಾಡಿಸಿ.