‘ನನ್ನ ಕೈಯೇ ಸರಿ ಇಲ್ಲ ಸರ್’ ಎಂದವರ ಪ್ರಕರಣ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಪ್ತಸಲಹೆಗೆ ಅಂತ ನನ್ನಲ್ಲಿಗೆ ಬಂದ ಇವರನ್ನು ‘ರ’ ಅನ್ನೋಣ. ವಯಸ್ಸು 31, ಉಡುಪಿ ಕಡೆಯ ಕಡಲತೀರದ ಊರು. ತಂದೆ ಮರದ ದೋಣಿ ಕಟ್ಟುತ್ತಿದ್ದವರು, ಮಗ ಫೈಬರ್ ದೋಣಿಗೆ ಇಳಿದರು. ಮೂರು ವಾರದಿಂದ ನಿದ್ದೆ ಇಲ್ಲ, ದಿನವೂ ತಲೆನೋವು, ಹೆಂಡತಿ ಮೇಲೆ ಸುಮ್ನೆ ಸಿಡುಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ 61 ದಿನದೊಳಗೆ ಒಂದು ಚಿಕ್ಕ ದೋಣಿಯ ಮೌಲ್ಡ್ (ಫೈಬರ್ ದೋಣಿ ಮೂಡಿಸುವ ಅಚ್ಚು) ಮುಗಿಸಿಕೊಡುತ್ತೇನೆ ಅಂತ ಅಡ್ವಾನ್ಸ್ ತಗೊಂಡಿದ್ದರು. ಮೌಲ್ಡ್ ಹಾಳಾಯಿತು. ಅದಕ್ಕೆ ಟಾರ್ಪಾಲು ಹೊದಿಸಿ, ಗಿರಾಕಿಯ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

‘ಅಪ್ಪ ಏನೂ ಬೈಯಲಿಲ್ಲ ಸರ್. ಒಮ್ಮೆ ನೋಡಿ ಒಳಗೆ ಹೋದರು, ಅಷ್ಟೇ.’ ಇದನ್ನು ಹೇಳುವಾಗ ಧ್ವನಿ ನಡುಗುತ್ತಿತ್ತು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ರಾತ್ರಿ ಹೊತ್ತು ತೀರಾ ಕಷ್ಟ ಅನ್ನಿಸಿದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದುಕೊಟ್ಟೆ.

ಆಪ್ತಸಲಹೆಗೆ ಬರುವ ಮೊದಲು ನಾನೂ ಒಂಬತ್ತು ವರ್ಷ ಫೈಬರ್ ಶೆಡ್‌ನಲ್ಲಿ ದುಡಿದವನು. ಹಾಗಾಗಿ ಎರಡನೇ ಭೇಟಿಗೆ ಮೌಲ್ಡಿನ ತುಂಡೊಂದನ್ನು ತರಲು ಹೇಳಿದೆ. ಪೇಪರಿನಲ್ಲಿ ಸುತ್ತಿಕೊಂಡು ತಂದರು. ‘ಎಲ್ಲಾ ಹಾಳು, ನನ್ನ ಕೈಯೇ ಸರಿ ಇಲ್ಲ’ ಎಂದರು. ‘ಎಲ್ಲಾ ಅನ್ನಬೇಡಿ, ಏನೇನು ಕಾಣ್ತಿದೆ ಒಂದೊಂದಾಗಿ ಹೇಳಿ’ ಎಂದೆ.

ಒಂದು ಕಡೆ ಮೇಲ್ಮೈ ಮೊಸಳೆ ಚರ್ಮದ ಹಾಗೆ ಸುಕ್ಕುಗಟ್ಟಿತ್ತು. ಕತ್ತರಿಸಿದ ಅಂಚನ್ನು ಕಿಟಕಿ ಬೆಳಕಿಗೆ ಹಿಡಿದೆವು. ಬೇರೆ ಕಡೆ ಜೆಲ್ ಕೋಟ್ (ಮೇಲ್ಮೈಯ ಹೊಳಪಿನ ಪದರ) ದಪ್ಪಗಿದೆ, ಸುಕ್ಕು ಬಿದ್ದಲ್ಲಿ ಮಾತ್ರ ಕಾಗದದಷ್ಟು ತೆಳು. ಅವರೇ ಒಂದು ನಿಮಿಷ ಸುಮ್ಮನಾದರು. ತೆಳು ಕೋಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದರ ಮೇಲೆ ರೆಸಿನ್ (ಫೈಬರ್ ಪದರಗಳನ್ನು ಹಿಡಿದಿಡುವ ಅಂಟು ದ್ರವ) ಬಿದ್ದರೆ ರೆಸಿನ್ನಿನೊಳಗಿನ ಸ್ಟೈರೀನ್ ಎಂಬ ರಾಸಾಯನಿಕ ಜೆಲ್ ಕೋಟನ್ನು ಉಬ್ಬಿಸಿ ಸುಕ್ಕು ಮಾಡುತ್ತದೆ. ಕ್ಯಾಟಲಿಸ್ಟ್ (ಗಟ್ಟಿಯಾಗಲು ಬೆರೆಸುವ ದ್ರವ) ಹೇಗೆ ಹಾಕ್ತೀರಿ ಅಂದರೆ ‘ಮುಚ್ಚಳದ ಲೆಕ್ಕ’ ಎಂದರು! ಇದೊಂದು ಅಭ್ಯಾಸ ಬಿಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ತಕ್ಕಡಿ ಇಡಿ, ಕೆಜಿ ಜೆಲ್ ಕೋಟಿಗೆ 15ರಿಂದ 20 ಗ್ರಾಂ, ಡಬ್ಬದ ಮೇಲೆ ಕೊಟ್ಟ ಅಳತೆಯನ್ನು ಒಮ್ಮೆ ಓದಿ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟನ್ನು ಕ್ಯಾಟಲಿಸ್ಟಿಗೆ ನೇರವಾಗಿ ಬೆರೆಸಲೇಬಾರದು, ಸಿಡಿಯುತ್ತದೆ. ಎರಡು ಕೋಟ್ ಸೇರಿ ಮುಕ್ಕಾಲು ಮಿಲಿಮೀಟರ್ ಆಸುಪಾಸು ಬರಲಿ. ಬೆರಳಿಟ್ಟರೆ ಅಂಟಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು, ಆಗಲೇ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿ.

ಇನ್ನೊಂದು ಬದಿಯಲ್ಲಿ ಮೀನಿನ ಕಣ್ಣಿನಂಥ ಗುಂಡು ಗುಳಿಗಳು, ನಡುವೆ ಸೂಜಿ ಚುಚ್ಚಿದಂಥ ತೂತುಗಳು. ಇದು ಬೇರೆಯದೇ ಕತೆ. ಮಳೆಗಾಲದ ತೇವಕ್ಕೆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಎಣ್ಣೆಯೂ ಬರುತ್ತದೆ, ಅದೇ ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಹೀಗಾಗುತ್ತದೆ. ನೀರು ಕೊನೆಗೆ ಯಾವಾಗ ಬಿಟ್ಟಿರಿ ಅಂದರೆ ನೆನಪೇ ಇಲ್ಲ. ಪಿವಿಎ (ಮೌಲ್ಡ್ ಅಂಟದಿರಲಿ ಅಂತ ಮೊದಲೇ ಬಳಿಯುವ ದ್ರವ) ಕೂಡ ಪೂರ್ತಿ ಒಣಗಿರಲಿಲ್ಲವಂತೆ, ಅದು ನೀರಿನಲ್ಲಿ ಕರಗುವ ವಸ್ತು, ಮಳೆ ದಿನ ನಿಧಾನ ಮಾಡುತ್ತದೆ.

ಮೂರನೆಯದು, ಹೊಳಪಿನ ಕೆಳಗೆ ಮ್ಯಾಟಿನ ಎಳೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಒಂದೇ ದಿನ ಐದು ಪದರ ಹಾಕಿ, ಎರಡನೇ ದಿನವೇ ಪ್ಯಾಟರ್ನಿನಿಂದ (ಯಾವುದರ ಮೇಲೆ ಮೌಲ್ಡ್ ಕಟ್ಟುತ್ತಾರೋ ಆ ಮಾದರಿ) ಬಿಚ್ಚಿದ್ದರು. ಒಟ್ಟಿಗೆ ಹಾಕಿದರೆ ಬಿಸಿ ಏರುತ್ತದೆ, ರೆಸಿನ್ ಕುಗ್ಗುತ್ತದೆ, ಎಳೆ ಮೇಲೆ ಮೂಡುತ್ತದೆ. ಮೊದಲು 300 ಗ್ರಾಂ (ಚದರ ಮೀಟರಿಗೆ) ಮ್ಯಾಟ್ ಒಂದೇ ಪದರ ಹಾಕಿ, ರೋಲರ್‌ನಿಂದ ಗಾಳಿ ತೆಗೆದು ರಾತ್ರಿಯಿಡೀ ಬಿಡಿ. ಮರುದಿನ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಕಿತ್ತು ಸರಿಮಾಡಿ. ಆಮೇಲೆ ದಿನಕ್ಕೆ ಎರಡೆರಡು ಪದರ. ಪ್ಯಾಟರ್ನ್ ಮೇಲೆ ಕನಿಷ್ಠ ಒಂದು ವಾರ ಇರಲಿ. ಮೌಲ್ಡಿಗೆ ಹೊರಗಿನಿಂದ ಕೊಡುವ ಆಧಾರದ ಫ್ರೇಮು ಕೂಡ ಮೌಲ್ಡ್ ಪೂರ್ತಿ ಗಟ್ಟಿಯಾದ ಮೇಲೆಯೇ, ಇಲ್ಲದಿದ್ದರೆ ಅದರ ಗುರುತೂ ಮೂಡುತ್ತದೆ.

ನನಗೆ ಹೆಚ್ಚು ಚಿಂತೆಯಾದದ್ದು ತಲೆನೋವಿನ ಬಗ್ಗೆ. ಮಳೆ ಅಂತ ಶೆಡ್ಡಿನ ಬಾಗಿಲು ಮುಚ್ಚಿ ಕೆಲಸ ಮಾಡುತ್ತಿದ್ದರು, ಮುಖಕ್ಕೆ ಬರೀ ಬಟ್ಟೆ. ಸ್ಟೈರೀನ್ ಆವಿಯಿಂದ ತಲೆನೋವು, ಸುಸ್ತು ಬರುತ್ತದೆ, ಮನಸ್ಸೂ ಕೆಡುತ್ತದೆ. ಎರಡೂ ಬಾಗಿಲು ತೆರೆದು ಫ್ಯಾನ್ ಇಡಿ, ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ತಗೊಳ್ಳಿ, ಡಾಕ್ಟರಿಗೂ ತೋರಿಸಿ ಎಂದೆ. ಇದನ್ನು ಮೂರು ಸಲ ಹೇಳಿದೆ.

ಉಳಿದ ಸಲಹೆ ಎರಡೇ. ಒಂದು, ದೊಡ್ಡ ಮೌಲ್ಡಿಗೆ ಈಗಲೇ ಕೈ ಹಾಕಬೇಡಿ, ಒಂದು ಅಡಿ ಚೌಕದ ಗಾಜಿನ ಮೇಲೆ ಸಣ್ಣ ತುಂಡು ಮಾಡಿ, ಒಮ್ಮೆಗೆ ಒಂದೇ ಬದಲಾವಣೆ, ದಿನಾಂಕ, ಅಳತೆ, ಮಳೆ ಇತ್ತಾ ಇಲ್ಲವಾ ಎಲ್ಲ ಪುಸ್ತಕದಲ್ಲಿ ಬರೆಯಿರಿ. ಎರಡು, ಗಿರಾಕಿಗೆ ಇವತ್ತೇ ಫೋನ್ ಮಾಡಿ. ನನ್ನೆದುರೇ ಮಾಡಿದರು. ಆ ಕಡೆಯವರು ಮೊದಲು ರೇಗಿದರು, ಆಮೇಲೆ ‘ನೀವು ಸತ್ತೇ ಹೋದಿರಾ ಅಂದ್ಕೊಂಡೆ ಮಾರಾಯ್ರೇ’ ಅಂತ ಇಪ್ಪತ್ತು ದಿನ ಕೊಟ್ಟರು.

ಮೂರನೇ ಭೇಟಿಗೆ ಪುಸ್ತಕ ತಂದಿದ್ದರು. ನಾಲ್ಕು ತುಂಡುಗಳಲ್ಲಿ ಎರಡರಲ್ಲಿ ಸುಕ್ಕಿಲ್ಲ, ಒಂದರಲ್ಲಿ ಇನ್ನೂ ತೂತು. ನಿದ್ದೆ ರಾತ್ರಿಗೆ ಐದು ಗಂಟೆಯಷ್ಟಾಗಿದೆ. ನಾಲ್ಕನೇ ತುಂಡಿಗೆ ಮೇಣ ಉಜ್ಜುವಾಗ ಅಪ್ಪ ಬಂದು ಪಕ್ಕದಲ್ಲಿ ಕೂತಿದ್ದರಂತೆ.